ರಾದಿಮನ ಪುಟಗಳು, ಲೀದಾಳ ಅಣಬೆ

ರಾದಿಮ್ ಹೆಂಡತಿಗೆ ಕೊಟ್ಟ ಮಾತು ಚಿಕ್ಕದೇ. ಶುಕ್ರವಾರ ಸಂಜೆ ಬ್ರ್ನೋ ಬಿಟ್ಟು ಕಾಡಿನಲ್ಲಿರುವ ತಮ್ಮ ಪುಟ್ಟ ಮನೆಗೆ ಹೋಗುವುದು, ಬೆಳಿಗ್ಗೆ ಎದ್ದು ಇಬ್ಬರೂ ಅಣಬೆ ಹುಡುಕುವುದು. ಬೇಸಗೆಯಿಡೀ ಇದೇ ಮಾತು ಕೊಟ್ಟು, ಬೇಸಗೆಯಿಡೀ ತಪ್ಪಿಸಿದ್ದ. ಇನ್ನೊಂದು ವಾರ ಕಳೆದರೆ ಹಿಮ ಬಿದ್ದು ಅಣಬೆಯೂ ಮುಗಿಯುತ್ತದೆ, ಲೀದಾಳ ತಾಳ್ಮೆಯೂ ಮುಗಿಯುತ್ತದೆ.

"ಇವತ್ತೂ ಕೈ ಕೊಟ್ರೆ ನಾನು ಅಮ್ಮನ ಜೊತೆ ಹೋಗ್ತೀನಿ. ನೀನು ನಿನ್ನ ಪುಟಗಳ ಜೊತೆನೇ ಸಂಸಾರ ಮಾಡ್ಕೊಂಡಿರು" ಎಂದು ಅವಳು ಲೈಬ್ರರಿ ಕೆಲಸಕ್ಕೆ ಹೊರಟಳು.

ಪುಟಗಳೆಂದರೆ ಪುಸ್ತಕದವಲ್ಲ, ಕಂಪ್ಯೂಟರಿನ ನೆನಪಿನವು. ಜಗತ್ತಿನ ಲೆಕ್ಕವಿಲ್ಲದಷ್ಟು ಯಂತ್ರಗಳನ್ನು ಓಡಿಸುವ ತಂತ್ರಾಂಶದ ತಿರುಳಾದ ಕರ್ನಲ್‌ನಲ್ಲಿ, ನೆಟ್‌ವರ್ಕ್ ವಿಭಾಗ ಎಲ್ಲರಿಗೂ ಸೇರಿದ ಪುಟಗಳನ್ನು ಕಡ ತಂದು ಅವುಗಳ ಮೈಮೇಲೆಯೇ ತನ್ನ ಲೆಕ್ಕ ಗೀಚಿಕೊಳ್ಳುತ್ತಿತ್ತು. ಛತ್ರದ ಪಾತ್ರೆಗೆ ತಮ್ಮ ಮನೆಯ ಹೆಸರು ಕೆತ್ತಿಸಿದ ಹಾಗೆ. ಆ ಗೀಚನ್ನೆಲ್ಲ ಅಳಿಸಿ, ನೆಟ್‌ವರ್ಕಿಗೆ ಅದರದೇ ಜಾಗ ಮಾಡಿಕೊಡುವುದು ರಾದಿಮನ ಕೆಲಸ. ಕೆಲಸ ಮುಗಿದಿತ್ತು, ಒಪ್ಪಿಗೆ ಸಿಕ್ಕಿರಲಿಲ್ಲ. ಒಪ್ಪಬೇಕಾದವರು ಆ ಭಾಗದ ಕಾವಲುಗಾರರು, ಲ್ಯುಬ್ಲಿಯಾನಾದ ಯೆರ್ನೇಯ್ ಎಂಬ ಮುದುಕರು. ಅಂದು ಸಂಜೆ ಹೊಸ ಬದಲಾವಣೆಗಳಿಗೆ ಬಾಗಿಲು ಹಾಕುತ್ತಿದ್ದರು. ಅಷ್ಟರಲ್ಲಿ ಆಗದಿದ್ದರೆ ಮತ್ತೆ ಚಳಿಗಾಲಕ್ಕೇ.

ಬೆಳಿಗ್ಗೆ ಯೆರ್ನೇಯ್ ಅವರು, ಈ ಕೆಲಸದವರೆಲ್ಲರಿಗೂ ಒಟ್ಟಿಗೆ ಪತ್ರ ಹೋಗುವ ಮೇಲಿಂಗ್ ಲಿಸ್ಟಿನಲ್ಲಿ ಬರೆದರು, ಹೊಸ ಜಾಗಕ್ಕಿಟ್ಟ ಹೆಸರು ಉದ್ದವಾಯಿತೆಂದು. ರಾದಿಮ್ ಮೊಟಕು ಮಾಡಿದ. ಗ್ದಾನ್ಸ್ಕ್‌ನ ಒಬ್ಬ ಗಿಡ್ಡವಾಯಿತೆಂದ. ಮಧ್ಯಾಹ್ನದ ಹೊತ್ತಿಗೆ ಅರ್ಧ ಯುರೋಪು ಹೆಸರಿಡಲು ನೆರೆದಿತ್ತು. ನಾಮಕರಣದಲ್ಲಿ ಸೋದರತ್ತೆಯರೂ ಇಷ್ಟು ಜಗಳವಾಡುವುದಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಬ್ಲಾಜೆನಾ ಅಜ್ಜಿ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದಳು. ಅವಳ ತಂಗಿಯ ಊರು ಇವರ ದಾರಿಯಲ್ಲೇ; ಕಾರಿನಲ್ಲಿ ಜಾಗ ಕೇಳಿದ್ದಳು. ರಾದಿಮನ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತಳು.

"ಏನಪ್ಪಾ, ಒಬ್ರೂ ನಿನ್ನ ಮಾತು ಒಪ್ತಿಲ್ವಲ್ಲ?"

"ಒಪ್ತಾರೆ ಅಜ್ಜಿ."

"ಯಾವಾಗ? ನನ್ನ ಬೆಕ್ಕಿಗೆ ವಯಸ್ಸಾಗ್ತಿದೆ."

ಆಗಲೇ ಲೀದಾಳ ಇಮೇಲ್ ಬಂತು: "ಹೊರಡ್ತೀವಾ, ಇಲ್ವಾ? ನಿಜ ಹೇಳು."

"ಪಾರಿವಾಳ ಅಂತ ಕರೀ, ಕರಗ್ತಾಳೆ" ಎಂದಳು ಅಜ್ಜಿ. "ಬೇಗ ಬೇಗ!"

ರಾದಿಮ್ ಬೇಗ ಬೇಗ ಬರೆದ: "ನನ್ನ ಪಾರಿವಾಳವೇ, ಕ್ಷಮಿಸು. ಸಂಜೆಯೊಳಗೆ ಮುಗಿಸ್ತೀನಿ. ಆ ಮುದಿ ಕರಡಿ ಯೆರ್ನೇಯ್ ಒಪ್ಪಲಿ ಬಿಡಲಿ, ಹೊರಡೋಣ." ಕಳಿಸಿದ ಮೇಲೆ ನೋಡುತ್ತಾನೆ, ಪತ್ರ ಹೋಗಿದ್ದು ಲೀದಾಳಿಗಲ್ಲ, ಲಿಸ್ಟಿಗೆ. ಅಲ್ಲಿಗೆ ಹೋದದ್ದು ಸಾವಿರಾರು ಜನರಿಗೆ ತಲುಪುತ್ತದೆ. ಹಿಂದಕ್ಕೆ ಕರೆಸಲು ಬರುವುದಿಲ್ಲ.

ಆ ಜನ ನಗಲಿಲ್ಲ. ಬಂದದ್ದನ್ನೆಲ್ಲ ತಿದ್ದುವುದು ಅವರ ಅಭ್ಯಾಸ. ಇದನ್ನೂ ತಿದ್ದಲು ಕೂತರು.

"ಒಂದು ಪತ್ರದಲ್ಲಿ ಒಂದೇ ವಿಷಯ ಇರ್ಬೇಕು. ಕ್ಷಮೆ ಬೇರೆ, ಭರವಸೆ ಬೇರೆ ಮಾಡಿ ಕಳಿಸಿ" ಎಂದಿತು ಗ್ದಾನ್ಸ್ಕ್.

"ಸಂಜೆ ಅಂದ್ರೆ ಯಾವ ದೇಶದ ಸಂಜೆ?" ಎಂದು ಇನ್ನೊಬ್ಬರು.

"ಈ ಭರವಸೆಯನ್ನ ಹಿಂದೆ ಎಷ್ಟು ಸಲ ಕೊಟ್ಟಿದ್ರಿ, ಪ್ರತಿ ಸಲ ಏನು ಬದಲಾಯ್ತು, ಅದನ್ನೂ ಬರೀರಿ" ಎಂದು ಮತ್ತೊಬ್ಬರು.

ಸೋಫಿಯಾದವನೊಬ್ಬ ಮಾತ್ರ ಪುಣ್ಯಾತ್ಮ: "ಪಾರಿವಾಳದ ಭಾಗವನ್ನ ನಮ್ಮನೇಲಿ ಪ್ರಯೋಗ ಮಾಡ್ದೆ. ಕೆಲಸ ಮಾಡ್ತು."

ಯೆರ್ನೇಯ್ ಮಾತ್ರ ಉಸಿರೆತ್ತಲಿಲ್ಲ. ರಾದಿಮ್ ತಲೆಯ ಮೇಲೆ ಕೈಹೊತ್ತು ಕೂತ. ಅಜ್ಜಿಗೂ ಮರುಕ ಬಂದು ಅವನ ಬೆನ್ನು ಸವರಿದಳು. ಲೀದಾ ಒಳಗೆ ಬರುವುದಕ್ಕೂ ಯೆರ್ನೇಯ್ ಅವರ ಉತ್ತರ ಬರುವುದಕ್ಕೂ ಸರಿಹೋಯಿತು: "ಮುದಿ ಕರಡಿ ಓದಿತು. ನಿನ್ನ ಕೆಲಸ ಪೂರ್ತಿ ಒಪ್ಪಿದೆ."

ರಾದಿಮ್ ಹೆಂಡತಿಯನ್ನು ಅಪ್ಪಿಕೊಂಡು ಅಡುಗೆಮನೆಯೆಲ್ಲ ಕುಣಿದ. ನಡೆದದ್ದನ್ನೆಲ್ಲ ಅಜ್ಜಿ ಒಪ್ಪಿಸಿದಾಗ ಲೀದಾ ಕಣ್ಣೊರೆಸಿಕೊಂಡು ನಕ್ಕಳು. ಊರಿಗೆಲ್ಲ ಕೇಳುವಂತೆ ಅವನು ಅವಳನ್ನು ಪಾರಿವಾಳವೆಂದದ್ದು ಅದೇ ಮೊದಲು. ಕಾರಿನ ಕೀ ತೆಗೆದುಕೊಳ್ಳುವಾಗ ಯೆರ್ನೇಯ್ ಅವರ ಇನ್ನೊಂದು ಪತ್ರ ಬಂತು.

"ನನ್ನವಳಿಗೂ ನಾನು ಇದೇ ಮಾತು ಕೊಟ್ಟಿದ್ದೆ, ನನ್ನ ಕೂದಲು ಕಪ್ಪಗಿದ್ದಾಗ. ನಿನ್ನ ಪತ್ರ ಅವಳಿಗೆ ಓದಿ ಹೇಳ್ದೆ. ಎದ್ದು ಹೋಗಿ ಸೂಟ್‌ಕೇಸ್ ತಂದಿಟ್ಲು. ನಾವು ಸಮುದ್ರದ ಕಡೆ ಹೊರಟ್ವಿ. ನಮ್ಮಲ್ಲಿ ಜಾಗ ಗುಡಿಸಿದವನೇ ಆ ಜಾಗದ ಕಾವಲುಗಾರ, ಗೊತ್ತಲ್ಲ? ಇವತ್ತಿಂದ ಆ ಭಾಗ ನಿಂದು ಅಂತ ಎಲ್ರಿಗೂ ತಿಳಿಸಿದ್ದೀನಿ ಮಗಾ. ಬಾಗಿಲು ಹಾಕೋವರೆಗೆ ಬಂದದ್ದನ್ನ ನೋಡ್ಕೋ."

"ಸೋಮವಾರದಿಂದ ಕಾವಲು ಕಾಯ್ತೀಯಂತೆ, ಈಗ ನಡಿ" ಎಂದಳು ಲೀದಾ.

ಅಷ್ಟರಲ್ಲಿ ಪೋರ್ತೊದಿಂದ ಯಾರೋ ಬರೆದರು: "ಹೊಸ ಕಾವಲುಗಾರರಿಗೆ ನಮಸ್ಕಾರ. ಬಾಗಿಲು ಹಾಕೋ ಮುಂಚೆ ನನ್ನ ಬದಲಾವಣೆಗಳನ್ನ ದಯವಿಟ್ಟು ನೋಡಿ ಸಾರ್. ಹೆಂಡತಿಗೆ ಮಾತು ಕೊಟ್ಟಿದ್ದೀನಿ."

ರಾದಿಮ್ ಕಂಪ್ಯೂಟರ್ ಮುಚ್ಚಲು ಕೈ ಚಾಚಿದ. ಲೀದಾ ಆ ಕೈ ಹಿಡಿದಳು. ಆ ಪತ್ರವನ್ನು ಮತ್ತೊಮ್ಮೆ ಓದಿ, ನಿಟ್ಟುಸಿರುಬಿಟ್ಟು, ಕೋಟಿನ ಗುಂಡಿ ಬಿಚ್ಚತೊಡಗಿದಳು.

"ಕೂತ್ಕೊಂಡು ನೋಡು ರಾದಿಮ್. ಪಾಪ, ಅವನ ಹೆಂಡತೀನೂ ಎಲ್ಲೋ ಕೋಟು ಹಾಕ್ಕೊಂಡು ನಿಂತಿರ್ತಾಳೆ."