ಹತ್ತು ತಿಂಗಳ ಮಾಸ್ತರ

ವಸಂತ ಋತು ಬಂತೆಂದರೆ ಲೋಕವೆಲ್ಲ ಚಿಗುರುತ್ತದೆ, ನಮ್ಮ ಭಾವನ ಸಂಬಳ ಮಾತ್ರ ನಿಲ್ಲುತ್ತದೆ. ಸುಳ್ಳೆನಿಸಿದರೆ ಶಿರಸಿಯಲ್ಲಿರುವ ನನ್ನ ಜೆರಾಕ್ಸ್ ಅಂಗಡಿಗೆ ಬನ್ನಿ, ದಾಖಲೆ ಸಮೇತ ತೋರಿಸುತ್ತೇನೆ. ಮಾವು ಹೂ ಬಿಟ್ಟು ಮಿಡಿಯಾಗುವ ಹೊತ್ತಿಗೆ ಕಾಲೇಜಿನ ಪಾಠಗಳು ಮುಗಿಯುತ್ತವೆ. ಪಾಠ ಮುಗಿದ ದಿನವೇ ಅತಿಥಿ ಉಪನ್ಯಾಸಕರ ಹತ್ತು ತಿಂಗಳ ಕೆಲಸವೂ ಮುಗಿಯುತ್ತದೆ. ಮಳೆಗಾಲದಲ್ಲಿ ಮತ್ತೆ ಕರೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಭಾವ ಯಲ್ಲಾಪುರದ ಕಡೆಯ ಕಾಲೇಜೊಂದರಲ್ಲಿ ಹೀಗೆ ಹದಿನೆಂಟು ವರ್ಷ ಅತಿಥಿಯಾಗಿದ್ದ. ಹದಿನೆಂಟು ವರ್ಷ ಒಂದೇ ಮನೆಯಲ್ಲಿ ಉಳಿದವನನ್ನು ಯಾರಾದರೂ ಅತಿಥಿ ಎನ್ನುತ್ತಾರೆಯೇ? ಮನೆಯಳಿಯ ಎಂದಾದರೂ ಅನ್ನಬೇಡವೇ?

ಅವನು ಕಲಿಸುತ್ತಿದ್ದುದು ಅರ್ಥಶಾಸ್ತ್ರ. ನೀವು ನಗುವುದೇನೂ ಬೇಡ, ಅವನೇ ಮೊದಲು ನಕ್ಕು ಮುಗಿಸಿರುತ್ತಿದ್ದ.

ಅಂದಹಾಗೆ, ಅಕ್ಕನ ಗಂಡನನ್ನು ಹೀಗೆ ಏಕವಚನದಲ್ಲಿ ಬರೆಯುತ್ತಿದ್ದೇನೆಂದು ತಪ್ಪು ತಿಳಿಯಬೇಡಿ. ನಮ್ಮ ಕಡೆ ಭಾವನಿಗೆ ಬಹುವಚನ ಹಚ್ಚಿದರೆ ಇಬ್ಬರ ನಡುವೆ ಏನೋ ಕೆಟ್ಟಿದೆ ಎಂದೇ ಅರ್ಥ. ನಾನೂ ಅವನಿಗೆ ಭಾವ, ಅವನೂ ನನಗೆ ಭಾವ. ನಮ್ಮಿಬ್ಬರ ನಡುವೆ ಕೆಡುವಂಥದ್ದು ಏನೂ ಇರಲಿಲ್ಲ, ಅವನ ಅರ್ಜಿಗಳ ಹೊರತು.

ಅತಿಥಿಗಳು ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಅದಕ್ಕೆ ಹತ್ತನೇ ತರಗತಿಯ ಅಂಕಪಟ್ಟಿಯಿಂದ ಹಿಡಿದು ಎಲ್ಲದರ ಪ್ರತಿಯನ್ನೂ ಲಗತ್ತಿಸಬೇಕು. ಭಾವನ ಅಂಕಪಟ್ಟಿಯನ್ನು ನಾನು ಎಷ್ಟು ಸಲ ಯಂತ್ರದ ಮೇಲೆ ಮಲಗಿಸಿದ್ದೇನೆಂದರೆ, ಅವನಿಗೆ ಹಿಂದಿಯಲ್ಲಿ ನಲವತ್ತೊಂದು ಬಂದಿದ್ದು ನನಗೆ ಕನಸಿನಲ್ಲೂ ನೆನಪಿರುತ್ತದೆ. ಒಮ್ಮೆ ತಡೆಯಲಾರದೆ, ಒಟ್ಟಿಗೆ ಇಪ್ಪತ್ತು ಪ್ರತಿ ತೆಗೆದಿಟ್ಟುಕೊಂಡರೆ ವರ್ಷ ವರ್ಷ ಬರುವ ತಾಪತ್ರಯ ತಪ್ಪುತ್ತದಲ್ಲ ಎಂದೆ.

“ಬೇಡ ಭಾವಾ,” ಎಂದ. “ಮುಂದಿನ ವರ್ಷ ಖಾಯಂ ಆಗ್ತು. ಸುಮ್ನೆ ಕಾಗದ ಹಾಳು.”

ಅವನು ತಮಾಷೆ ಮಾಡುತ್ತಿರಲಿಲ್ಲ. ಅತಿಥಿಗಳನ್ನು ಖಾಯಂ ಮಾಡುತ್ತಾರೆಂಬ ಸುದ್ದಿ ಪ್ರತಿ ವರ್ಷ ಮಾವಿನ ಹೂವಿನ ಜೊತೆಗೇ ಬರುತ್ತಿತ್ತು, ಮೊದಲ ಗಾಳಿಮಳೆಗೆ ಉದುರಿಹೋಗುತ್ತಿತ್ತು. ಭಾವ ಪ್ರತಿ ಸಲವೂ ನಂಬುತ್ತಿದ್ದ. ನಾನು ಅವನ ನಂಬಿಕೆಯನ್ನು ಗೇಲಿ ಮಾಡುತ್ತಿದ್ದೆ. ಈಗ ಯೋಚಿಸಿದರೆ, ನಂಬದೆ ಹದಿನೆಂಟು ವರ್ಷ ಹೇಗೆ ಕಳೆಯುತ್ತಿದ್ದನೋ ತಿಳಿಯುವುದಿಲ್ಲ.

ಯುಗಾದಿಯ ದಿನ ಶಿರಸಿಯಲ್ಲೇ ಇದ್ದ ಅವನ ಬಾಡಿಗೆ ಮನೆಯಲ್ಲಿ ಬಜೆಟ್ ಮಂಡನೆಯಾಗುತ್ತಿತ್ತು. ಬೇವುಬೆಲ್ಲ ತಿಂದಾದ ಮೇಲೆ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಳೆಯ ರೆಕ್ಸಿನ್ ಚೀಲ ಹಿಡಿದು ಒಳಗಿನ ಕೋಣೆಯಿಂದ ಹೊರಬರುತ್ತಿದ್ದ. ಅಕ್ಕ, ಅವರ ಮಗಳು ಮತ್ತು ನಾನು ಚಾಪೆಯ ಮೇಲೆ ಕುಳಿತು ಕೇಳಬೇಕು. ಮುಂದಿನ ಸಂಬಳದವರೆಗಿನ ತಿಂಗಳುಗಳನ್ನು ಅವನು ‘ಸಂಕ್ರಮಣ ಕಾಲ’ ಎಂದು ಕರೆಯುತ್ತಿದ್ದ. ಒಂದು ವರ್ಷ ಹಾಲನ್ನು ಅರ್ಧ ಲೀಟರಿಗೆ ಇಳಿಸಿ, ಆ ಸಾಲನ್ನು ಸ್ವಲ್ಪ ಮೆಲ್ಲಗೆ ಓದಿದ. ಅಕ್ಕ ಎದ್ದು ಅಡುಗೆಮನೆಗೆ ಹೋದಳು. ವಿರೋಧ ಪಕ್ಷ ಸಭಾತ್ಯಾಗ ಮಾಡಿದೆ, ಬಜೆಟ್ ಸರ್ವಾನುಮತದಿಂದ ಅಂಗೀಕಾರವಾಗಿದೆ ಎಂದು ಭಾವ ಘೋಷಿಸಿದ. ಮಗಳು ಬಿದ್ದು ಬಿದ್ದು ನಕ್ಕಳು. ನಾನು ನೀರು ಕುಡಿಯಲೆಂದು ಒಳಗೆ ಹೋದಾಗ ಅಕ್ಕ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಕಣ್ಣಿಗೆ ಹೊಗೆಯಾ ಎಂದು ಕೇಳಿದೆ. ಗ್ಯಾಸ್ ಒಲೆಯಲ್ಲಿ ಎಲ್ಲಿಯ ಹೊಗೆ? ಆದರೂ ಅವಳು ಹೌದೆಂದಳು.

ಸಂಕ್ರಮಣ ಕಾಲವನ್ನು ದಾಟಲು ಅವನು ಮಾಡದ ಉದ್ಯೋಗವಿಲ್ಲ. ಮದುವೆ ಕರೆಯೋಲೆಗಳ ಕರಡು ತಿದ್ದಿದ, ಟ್ಯೂಷನ್ ಹೇಳಿದ. ಒಂದು ವಸಂತದಲ್ಲಿ ಸಿದ್ದಾಪುರದ ಕಡೆಯಿಂದ ಉಪ್ಪಿನಕಾಯಿಯ ಅಪ್ಪೆಮಿಡಿ ತಂದು ನನ್ನ ಅಂಗಡಿಯ ಮುಂದೆಯೇ ಬುಟ್ಟಿ ಇಟ್ಟು ಕುಳಿತ. ಬೇಡಿಕೆ ಪೂರೈಕೆಯ ಪಾಠವನ್ನು ಅಷ್ಟು ವರ್ಷ ಹೇಳಿದವನಿಗೆ ನಾಲ್ಕು ಮಿಡಿ ಮಾರುವುದು ಕಷ್ಟವೇ ಎಂದುಕೊಂಡೆ. ಕಷ್ಟವೇ ಆಯಿತು. ವಯಸ್ಸಾದ ಹೆಂಗಸೊಬ್ಬರು ಇದು ಎರಡು ವರ್ಷ ಕೆಡದೆ ಬಾಳುತ್ತದೆಯೇ ಎಂದು ಕೇಳಿದರು. ಯಾವ ವ್ಯಾಪಾರಿಯಾದರೂ ಐದು ವರ್ಷ ಎನ್ನುತ್ತಿದ್ದ. ಭಾವ, ತಾನೇ ಹತ್ತು ತಿಂಗಳಿಗಿಂತ ಹೆಚ್ಚು ಬಾಳುವವನಲ್ಲ, ಮಿಡಿಯ ಬಗ್ಗೆ ಹೇಗೆ ಮಾತು ಕೊಡಲಿ ಎಂದುಬಿಟ್ಟ. ಅವರು ಗಾಬರಿಯಾಗಿ ಅವನ ಮುಖ ನೋಡಿ, ಯಾವ ಕಾಯಿಲೆ ಎಂದು ವಿಚಾರಿಸಿ, ಮಿಡಿ ಕೊಳ್ಳದೆ ಹೋದರು.

ಅದೇ ದಿನ ಮುಂಡಗೋಡದ ಕಡೆಯ ಶುಂಠಿ ವ್ಯಾಪಾರಿಯೊಬ್ಬ ಪಿಕಪ್ ನಿಲ್ಲಿಸಿ ಇಳಿದ. ಭಾವನ ಹಳೆಯ ವಿದ್ಯಾರ್ಥಿ. ಬುಟ್ಟಿಯ ಹಿಂದೆ ಕುಳಿತವರನ್ನು ಕಂಡು ಕಾಲಿನ ಚಪ್ಪಲಿ ಬಿಟ್ಟ. ಆಮೇಲೆ, “ಅಷ್ಟೂ ಕಟ್ರಿ ಸರ್,” ಎಂದ. ದರ ಕೇಳಲಿಲ್ಲ. ಭಾವನಿಗೆ ಅದು ಸಹ್ಯವಾಗಲಿಲ್ಲ. ದರ ಕೇಳದೆ ಕೊಳ್ಳುವವನು ಗ್ರಾಹಕನೇ ಅಲ್ಲ, ಅದಕ್ಕೇ ನಿನಗೆ ಅಂದು ಮೂವತ್ತೈದೇ ಕೊಟ್ಟಿದ್ದು ಎಂದು ಬೈದು, ಮನೆಯಲ್ಲಿ ಎಷ್ಟು ಜನ ಎಂದು ಕೇಳಿ, ಆ ಲೆಕ್ಕಕ್ಕೆ ಬೇಕಾದಷ್ಟೇ ಕೊಟ್ಟು ಕಳಿಸಿದ. ಉಳಿದ ಬುಟ್ಟಿಗೆ ಅಕ್ಕ ಉಪ್ಪು ಹಾಕಿದಳು. ಎರಡು ಮನೆಯವರು ಮೂರು ವರ್ಷ ಅದೇ ಉಪ್ಪಿನಕಾಯಿ ತಿಂದೆವು. ಮಿಡಿ ಬಾಳಿಕೆ ಬಂತು ಎಂದು ಭಾವನಿಗೆ ಭಾರೀ ಸಮಾಧಾನ.

ಇನ್ನು ಶಬಾನಾಳ ವಿಷಯ ಹೇಳಬೇಕು. ಯಲ್ಲಾಪುರದ ಲಾರಿ ಡ್ರೈವರೊಬ್ಬರ ಮಗಳು, ಭಾವನ ತರಗತಿಯ ಜಾಣೆ. ಡಿಗ್ರಿ ಮುಗಿದ ಮೇಲೆ ಧಾರವಾಡಕ್ಕೆ ಎಂ.ಎ. ಓದಲು ಕಳಿಸುವುದಿಲ್ಲ ಎಂದು ಮನೆಯಲ್ಲಿ ಹೇಳಿದ್ದರು. ಆಗ ಕೆಲಸ ನಿಂತ ದಿನಗಳು. ಯಲ್ಲಾಪುರಕ್ಕೆ ಹೋಗಲು ಭಾವನಿಗೆ ಯಾವ ಕಾರಣವೂ ಇರಲಿಲ್ಲ. ಆದರೂ ಬಸ್ಸಿನ ಖರ್ಚಿಗೆಂದು ನನ್ನಿಂದ ದುಡ್ಡು ತೆಗೆದುಕೊಂಡು ಹೋದ. ಅವಳ ತಂದೆಯೆದುರು ಕುಳಿತು ಒಂದು ಗಂಟೆ, ಇಂದು ಓದು ನಿಲ್ಲಿಸಿದರೆ ನಾಳೆ ಆಗುವ ನಷ್ಟವನ್ನು ಪೂರ್ತಿ ಅರ್ಥಶಾಸ್ತ್ರದ ಭಾಷೆಯಲ್ಲಿ ವಿವರಿಸಿದನಂತೆ. ಆ ಮನುಷ್ಯ ಚಹಾ ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡರು.

“ಸರ್, ನಿಮ್ಮ ಮಾತು ನನಗೆ ತಿಳೀಲಿಲ್ಲ,” ಎಂದರಂತೆ ಕೊನೆಗೆ. “ಆದ್ರೆ ರಜೆಯಲ್ಲೂ ಶಿರಸಿಯಿಂದ ಬಸ್ಸು ಹತ್ತಿ ಬಂದೀರಲ್ಲ, ಅದು ತಿಳೀತು. ಕಳಿಸ್ತೀನಿ.”

ಹುಡುಗಿ ಓದಿದಳು. ಮುಂದೊಂದು ದಿನ ಉಪನ್ಯಾಸಕರ ಅರ್ಹತಾ ಪರೀಕ್ಷೆಗೆ ಭಾವ ಎಂದಿನಂತೆ ಧಾರವಾಡಕ್ಕೆ ಹೋದಾಗ ಪಕ್ಕದ ಬೆಂಚಿನಲ್ಲಿ ಅವಳೇ ಇದ್ದಳು. ಅವಳು ಎದ್ದು ನಿಂತು, ಸರ್ ಇಲ್ಲಿ ಮೇಲ್ವಿಚಾರಣೆಗೆ ಬಂದಿದ್ದೀರಾ ಎಂದು ಕೇಳಿದಳು. ಅಲ್ಲಮ್ಮ, ಸ್ಪರ್ಧೆಗೆ ಎಂದ ಭಾವ. ಫಲಿತಾಂಶ ಬಂದ ದಿನ ಅವನು ಪೇಡೆಯ ಪೊಟ್ಟಣ ಹಿಡಿದು ಅಂಗಡಿಗೆ ಬಂದ. ನಾನು ಕುರ್ಚಿ ಬಿಟ್ಟು ಎದ್ದು ಅವನ ಕೈ ಕುಲುಕಿ, ಅಂತೂ ಗೆದ್ದೆ ಎಂದೆ. ಪಾಸಾದದ್ದು ಶಬಾನಾ, ತನಗೆ ಸ್ವಲ್ಪದರಲ್ಲಿ ತಪ್ಪಿತು ಎಂದ. ಪೇಡೆ ಬಾಯಲ್ಲಿತ್ತು, ನುಂಗುವುದೋ ಉಗುಳುವುದೋ ತಿಳಿಯಲಿಲ್ಲ. ಮುಂದಿನ ನೇಮಕಾತಿಗೆ ಅವಳು ಅರ್ಜಿ ಹಾಕಿದಳು, ಅಷ್ಟರಲ್ಲಿ ಭಾವನ ವಯಸ್ಸು ಮಿತಿ ದಾಟಿತ್ತು.

ಕಳೆದ ಫಾಲ್ಗುಣದಲ್ಲಿ ಒಂದು ಸಂಜೆ ಅವನು ನನ್ನ ಅಂಗಡಿಯಲ್ಲಿ ಕುಳಿತಿದ್ದಾಗ ಫೋನ್ ಬಂತು. ಶಬಾನಾ. ಆಚೆಯಿಂದ ಅಳು ಕೇಳಿಸುತ್ತಿತ್ತು. ಅವಳಿಗೆ ಖಾಯಂ ಆದೇಶ ಬಂದಿತ್ತು, ಭಾವನ ಕಾಲೇಜಿಗೇ, ಭಾವನ ವಿಷಯಕ್ಕೇ. ಅವಳು ಹಾಜರಾದರೆ ಅವನಿಗೆ ಅಲ್ಲಿ ಒಂದು ಪೀರಿಯಡ್ಡೂ ಉಳಿಯುವುದಿಲ್ಲ. ಊರು ಆರಿಸಿಕೊಳ್ಳುವ ಕೌನ್ಸೆಲಿಂಗಿನಲ್ಲಿ ಬೇರೆ ಕಡೆ ಕೇಳಿದ್ದಳಂತೆ, ಅವಳ ಸರದಿ ಬರುವಷ್ಟರಲ್ಲಿ ಉಳಿದಿದ್ದು ಅದೊಂದೇ ಜಾಗ. “ನಾನು ಬಿಟ್ಟುಬಿಡ್ಲಾ ಸರ್?” ಎಂದು ಕೇಳುತ್ತಿದ್ದಳು.

ಭಾವ ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿದ. “ಬಿಟ್ಟರೆ ನಿನ್ನ ಅಪ್ಪನಿಗೆ ನಾನು ಎಂತ ಹೇಳಲಿ? ಸೋಮವಾರ ಒಳ್ಳೆ ದಿನ. ಬಂದು ಹಾಜರಾಗು.”

ಸೋಮವಾರ ಅವನೇ ಅವಳನ್ನು ತರಗತಿಗೆ ಕರೆದುಕೊಂಡು ಹೋಗಿ, ಇವರು ನನಗಿಂತ ಚೆನ್ನಾಗಿ ಕಲಿಸುತ್ತಾರೆ ಎಂದು ಪರಿಚಯಿಸಿದನಂತೆ. ಕೊನೆಯ ಬೆಂಚಿನಲ್ಲಿ ಕುಳಿತು ಅವಳ ಮೊದಲ ಪಾಠ ಕೇಳಿದನಂತೆ. ಅವಳಿಗೆ ಮಾತು ತಡವರಿಸಿದಾಗ, ಹಿಂದಿನಿಂದ ಕೈಯೆತ್ತಿ ಸುಲಭದ ಪ್ರಶ್ನೆಯೊಂದನ್ನು ಕೇಳಿ ದಾರಿಗೆ ತಂದನಂತೆ. ತನ್ನ ಟಿಪ್ಪಣಿ ಪುಸ್ತಕಗಳನ್ನೆಲ್ಲ ಅವಳ ಮೇಜಿನ ಮೇಲಿಟ್ಟು ಮಧ್ಯಾಹ್ನದ ಬಸ್ಸು ಹತ್ತಿದ.

ಬಸ್ಸಿಳಿದವನು ಮನೆಗೆ ಹೋಗದೆ ನನ್ನಲ್ಲಿಗೆ ಬಂದ. ಸ್ಟೂಲಿನ ಮೇಲೆ ಕುಳಿತ. ನಾನು ಏನಾದರೂ ತಮಾಷೆ ಹೇಳಬೇಕೆಂದು ಹುಡುಕಿದೆ, ಸಿಗಲಿಲ್ಲ. ಜೆರಾಕ್ಸಿಗೆ ಬಂದ ಗಿರಾಕಿಗಳೆಲ್ಲ ಹೋಗುವವರೆಗೆ ಕಾದು ಅವನೇ ಬಾಯಿಬಿಟ್ಟ.

“ಎಂಗೆ ಖುಷಿಯೇ ಆಜು ಭಾವಾ. ಅದರಲ್ಲಿ ಸುಳ್ಳಿಲ್ಲೆ. ಆದರೆ ನಾಳೆ ಬೆಳಿಗ್ಗೆ ಎಷ್ಟು ಗಂಟಿಗೆ ಏಳವು ಹೇಳಿ ಗೊತ್ತಾಗ್ತಾ ಇಲ್ಲೆ.”

ನಾನು ಅಂಗಡಿಯ ಬಾಗಿಲು ಎಳೆದೆ. ಅವನನ್ನು ಮನೆಗೆ ಬಿಟ್ಟು, ಹೊರಡುವಾಗ ಬಾಗಿಲಲ್ಲಿ ಅಕ್ಕನಿಗೆ, ನಾಳೆ ಎಷ್ಟು ಗಂಟೆಗೆ ಏಳಬೇಕೆಂದೇ ಅವನಿಗೆ ತಿಳಿಯುತ್ತಿಲ್ಲವಂತೆ ಎಂದು ಹೇಳಿದೆ.

ಮರುದಿನ ಬೆಳಿಗ್ಗೆ ಐದೂವರೆಗೆ ಅವಳು ಅವನನ್ನು ಎಬ್ಬಿಸಿದಳಂತೆ. “ಏಳಿ, ಎಂಟು ಗಂಟಿಗೆ ಬನವಾಸಿ ಬಸ್ಸು ಇದ್ದು,” ಎಂದಳಂತೆ. ಇಸ್ತ್ರಿ ಅಂಗಿ ತೆಗೆದಿಟ್ಟಿದ್ದಳು, ಎರಡು ಡಬ್ಬಿ ಕಟ್ಟಿದ್ದಳು. ಮದುವೆಯಾದ ಮೇಲೆ ಯಾವ ಕೆಲಸದ ನೆಪವೂ ಇಲ್ಲದೆ ಅವರಿಬ್ಬರೂ ಒಟ್ಟಿಗೆ ಬಸ್ಸು ಹತ್ತಿದ್ದು ಅದೇ ಮೊದಲು. ಬನವಾಸಿಯಲ್ಲಿ ದೇವರ ದರ್ಶನ ಮುಗಿಸಿ ಹೊಳೆಯ ದಂಡೆಯಲ್ಲಿ ನೆರಳು ನೋಡಿ ಕುಳಿತರಂತೆ. ಅತ್ತ ಕಾಲೇಜಿನಲ್ಲಿ ಎರಡನೇ ಪೀರಿಯಡ್ ಮುಗಿಯುವ ಹೊತ್ತಿಗೆ ಭಾವ ಅತ್ತನಂತೆ, ಸದ್ದು ಮಾಡದೆ, ಬಹಳ ಹೊತ್ತು. ಅವನು ಸುಮ್ಮನಾದ ಮೇಲೆ ಅಕ್ಕ ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದಿಟ್ಟಳು. ಚಿತ್ರಾನ್ನ ಇನ್ನೂ ಬೆಚ್ಚಗಿತ್ತಂತೆ.