ಗುದ್ದಲಿ ಪೂಜೆಯ ಫೋಟೋ

ಅರ್ಜಿ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೂದಲು ಕಪ್ಪಗಿದ್ದಾಗ ಸರ್ಕಾರಿ ಕಚೇರಿ ಸೇರಿ, ಕೂದಲೇ ಇಲ್ಲದಾದ ಮೇಲೆ ನಿವೃತ್ತನಾದ ಗುಮಾಸ್ತ ನಾನು. ಇಡೀ ಸೇವಾವಧಿಯಲ್ಲಿ ನನ್ನ ಮೇಜಿನಿಂದ ಒಂದೇ ಸಲಕ್ಕೆ ಪಾಸಾಗಿ ಹೋದ ಅರ್ಜಿ ಇಲ್ಲ. ‘ಸಹಿ ಅಸ್ಪಷ್ಟ’, ‘ಲಗತ್ತು ಇಲ್ಲ’, ‘ಕಾರಣ ಸಮರ್ಪಕವಾಗಿಲ್ಲ’ ಅಂತ ಏನಾದರೊಂದು ಬರೆದು ವಾಪಸ್ ಕಳಿಸದಿದ್ದರೆ ನನಗೆ ಮಧ್ಯಾಹ್ನದ ಬುತ್ತಿ ರುಚಿಸುತ್ತಿರಲಿಲ್ಲ. ಇಂಥ ನನಗೆ ಹಿತ್ತಲಲ್ಲಿ ಒಂದು ರೂಮು ಕಟ್ಟಲು ಆನ್‌ಲೈನ್‌ನಲ್ಲಿ ಅನುಮತಿ ಪಡೆಯುವುದು ಯಾವ ಮಹಾ ಕೆಲಸ? ಹಾಗಂತ ನನ್ನನ್ನು ನಾನೇ ಕೇಳಿಕೊಂಡೆ. ಬೇರೆ ಯಾರನ್ನೂ ಕೇಳಲಿಲ್ಲ.

ರೂಮು ಬೇಕಾಗಿದ್ದು ಮಗಳು ಸುಜಾತಾಳಿಗೆ. ಸೇಡಂಗೆ ಕೊಟ್ಟ ಹುಡುಗಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಶಹಾಬಾದಿನ ನಮ್ಮ ಮನೆಯಲ್ಲಿ ಮಲಗುವ ಕೋಣೆ ಒಂದು ತುದಿಗೆ, ಬಚ್ಚಲು ಇನ್ನೊಂದು ತುದಿಗೆ. ನಡುವೆ ಅಂಗಳ. ಅಂಗಳಕ್ಕೆ ನಮ್ಮೂರಿನದೇ ಫರ್ಶಿ ಕಲ್ಲು ಹಾಸಿದ್ದೇವೆ. ನೋಡಲು ನುಣ್ಣಗೆ ಚೆಂದ, ಆದರೆ ಮಳೆ ಬಿದ್ದರೆ ನಿಂತವರನ್ನು ನಿಂತಲ್ಲೇ ಕೆಡವುತ್ತದೆ.

“ಹ್ವಾದ ಮಳಿಗಾಲದಾಗ ನಾನೇ ಜಾರಿ ಬಿದ್ದು ಸೊಂಟ ಹಿಡ್ಕೊಂಡು ಕುಂತಿದ್ದೆ, ಮರತೀರೇನು?” ಎಂದಳು ನನ್ನ ಹೆಂಡತಿ ಕಸ್ತೂರಿಬಾಯಿ. “ಇನ್ನ ತುಂಬಿದ ಬಸುರಿ ಆ ಅಂಗಳ ಹೆಂಗ ದಾಟ್ಬೇಕು? ಹಿತ್ತಲದಾಗ ಒಳಗೇ ಬಚ್ಚಲ ಇರೂವಂಥಾ ಒಂದು ರೂಮ್ ಹಾಕಸ್ರಿ. ಆಕಿ ಬರೂದ್ರಾಗ ಆಗ್ಬೇಕು ನೋಡ್ರಿ.”

“ಅನುಮತಿ ಒಂದು ಬಂದ್ರ ರೂಮ್ ಎದ್ದಂಗೇ. ಅದನ್ನ ನನಗ ಬಿಡು.”

“ನಿಮಗ ಬಿಡೂದೇ ಅಂಜಿಕಿ ನನಗ.”

ಪಕ್ಕದ ಮನೆಯ ಖಾಜಾಮಿಯಾ ಫರ್ಶಿ ವ್ಯಾಪಾರಿ, ನಮ್ಮ ಹಳೆಯ ಸ್ನೇಹಿತ. ಗೋಡೆಯ ಮೇಲಿಂದ ಮುಖ ಹಾಕಿ ಒಳ್ಳೆಯ ಮಾತೇ ಹೇಳಿದ. “ಶರಣಪ್ಪ ಸಾಹೇಬ್ರ, ನಕ್ಷಾ ತೆಗದ ಇಂಜಿನಿಯರ್‌ಗೇ ಹೇಳ್ರಿ, ಅರ್ಜಿ ಭೀ ಅವನೇ ಹಾಕ್ತಾನ. ನಿಮಗ್ಯಾಕ ಫಿಕರ್?”

ನನಗೆ ಸಿಟ್ಟು ಬಂತು. “ಖಾಜಾಮಿಯಾ, ಮಂದಿ ಅರ್ಜಿ ವಾಪಸ್ ಕಳಿಸಿ ಕಳಿಸಿ ಮುದುಕ ಆದಾಂವ ನಾ. ನನ್ನ ಅರ್ಜಿ ವಾಪಸ್ ಕಳಸೋ ಗಂಡಸು ಇನ್ನೂ ಹುಟ್ಟಿಲ್ಲ!”

ಶುಭದಿನ ನೋಡಿ, ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ ಕಂಪ್ಯೂಟರ್ ಮುಂದೆ ಕುಳಿತೆ. ಮನೆ ಇರುವುದು ಕಸ್ತೂರಿಬಾಯಿಯ ಹೆಸರಿನಲ್ಲಿ. ಆದ್ದರಿಂದ ಓಟಿಪಿ ಬರುವುದು ಆಕೆಯ ಫೋನಿಗೆ. ಆಕೆ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು.

“ಕಸ್ತೂರಿ, ನಂಬರ್ ಬಂತೇನು?”

“ಟಣ್ ಅಂತು. ಬಂದಿರ್ಬೇಕು.”

“ಓದು ಹಂಗಾರ!”

“ಕೈ ತುಂಬ ಹಿಟ್ಟ ಅದ. ಬಡದ ರೊಟ್ಟಿ ಬಿಟ್ಟು ಎದ್ರ ಸೀಳತದ. ಇದೊಂದು ಹಂಚಿಗಿ ಹಾಕ್ತೀನಿ, ತಡೀರಿ.”

ರೊಟ್ಟಿ ಉಬ್ಬಿತು. ನಂಬರ್ ಸತ್ತಿತು! ಮತ್ತೆ ತರಿಸಿದೆ, ಅಷ್ಟರಲ್ಲಿ ಮುಂದಿನ ರೊಟ್ಟಿ ಹಂಚಿಗೆ ಹತ್ತಿತ್ತು. ಸರ್ಕಾರದ ಗಡುವಿಗೂ ರೊಟ್ಟಿಯ ಗಡುವಿಗೂ ಹೊಂದಾಣಿಕೆ ಆಗಲೇ ಇಲ್ಲ. ಫೋನನ್ನು ನನ್ನ ಕೈಗೇ ಇಸಿದುಕೊಳ್ಳಬಹುದಾಗಿತ್ತು ಅಂತ ಹೊಳೆಯುವಷ್ಟರಲ್ಲಿ ಬುಟ್ಟಿ ತುಂಬಿ, ಆಕೆಯೇ ಕೈ ತೊಳೆದುಕೊಂಡು ಬಂದು ನಂಬರ್ ಓದಿದಳು.

ಒಳಗೆ ಹೋದ ಮೇಲೆ ಎಲ್ಲ ಸಲೀಸು. ಹೆಸರು, ಅಳತೆ, ನಕ್ಷೆ, ನಿವೇಶನದಲ್ಲಿ ಗಿಡಮರ ಇವೆಯೇ – ‘ಇಲ್ಲ’. ಕೊನೆಗೆ ‘ಖಾಲಿ ಜಾಗದ ಫೋಟೋ’ ಅಂತ ಕೇಳಿತು. ಅಲ್ಲಿ ಸಿಕ್ಕಿಬಿದ್ದೆ. ನಮ್ಮೂರಲ್ಲಿ ಖಾಲಿ ಜಾಗ ಅನ್ನುವುದು ಇಲ್ಲ. ಖಾಲಿ ಕಂಡಲ್ಲಿ ಯಾರಾದರೂ ಫರ್ಶಿ ಒಟ್ಟುತ್ತಾರೆ. ನಮ್ಮ ಹಿತ್ತಲಲ್ಲಿ ಖಾಜಾಮಿಯಾನ ಕಲ್ಲುಗಳು ಎದೆಯುದ್ದ ನಿಂತಿದ್ದವು. ‘ನಾಳೆ ಎತ್ತಸ್ತೀನಿ ಸಾಹೇಬ್ರ’ ಅನ್ನುತ್ತಿದ್ದ. ಆ ನಾಳೆ ಶುರುವಾದಾಗ ಸುಜಾತಾ ಶಾಲೆಗೆ ಹೋಗುತ್ತಿದ್ದಳು.

ಅಷ್ಟರಲ್ಲಿ ಅಯ್ಯನವರು ಪಂಚಾಂಗ ತೆರೆದು, ಬರುವ ಸೋಮವಾರ ಬಿಟ್ಟರೆ ಆಷಾಢ, ಹೊಸ ಕೆಲಸಕ್ಕೆ ಕೈ ಹಚ್ಚುವಂತಿಲ್ಲ ಎಂದುಬಿಟ್ಟರು. ಕಸ್ತೂರಿಬಾಯಿ ಅಲ್ಲೇ ಗುದ್ದಲಿ ಪೂಜೆ ನಿಶ್ಚಯ ಮಾಡಿದಳು.

“ಅನುಮತಿ ಇನ್ನಾ ಬಂದಿಲ್ಲಲ್ರಿ, ನಡೀತದೇನು?” ಎಂದು ಆಕೆಯೇ ಕೇಳಿದಳು.

“ಪೂಜಾ ದೇವ್ರಿಗಿ, ಅನುಮತಿ ಸರ್ಕಾರಕ್ಕ. ಎರಡೂ ಬ್ಯಾರೆ ಬ್ಯಾರೆ ಇಲಾಖೆ,” ಎಂದೆ. ಈ ಉತ್ತರ ನನಗೇ ಭಾಳ ಮೆಚ್ಚಿಗೆಯಾಯಿತು.

ಪೂಜೆ ಅಂದ ಕೂಡಲೇ ಖಾಜಾಮಿಯಾ ನಾಲ್ಕು ಆಳು ಹಚ್ಚಿ ಬೆಳಗಾಗುವುದರೊಳಗೆ ಕಲ್ಲೆಲ್ಲ ಎತ್ತಿಸಿದ. “ದೇವರ ಕೆಲಸಕ್ಕ ತಡಾ ಮಾಡಬಾರದ್ರಿ,” ಎಂದ. ಇಷ್ಟು ವರ್ಷ ತಡವಾಗಿದ್ದು ನನ್ನ ಕೆಲಸವಾದ್ದರಿಂದ.

ಸೋಮವಾರ ನೆರೆಹೊರೆಯವರೆಲ್ಲ ಸೇರಿದರು. ಗುದ್ದಲಿಗೆ ಅರಿಶಿನ, ಕುಂಕುಮ, ಹೂವು. ನೆಲಕ್ಕೆ ಮೂರು ಸಲ ಮುಟ್ಟಿಸಿದರೆ ಸಾಕಿತ್ತು. ಆದರೆ ಖಾಜಾಮಿಯಾ ಫೋನ್ ಹಿಡಿದು “ಸಾಹೇಬ್ರ, ಇನ್ನಾ ಜೋರಾಗಿ!” ಅಂದ. ಜನ ನೋಡುತ್ತಿದ್ದರು. ನನಗೂ ಉಮೇದು ಬಂತು. ಅಯ್ಯನವರು ಸಾಕು ಸಾಕು ಅನ್ನುವಷ್ಟರಲ್ಲಿ ಮೊಣಕಾಲುದ್ದದ ಗುಂಡಿ ತೋಡಿಬಿಟ್ಟಿದ್ದೆ. ಫೋಟೋ ಮಾತ್ರ ಬೊಂಬಾಟಾಗಿ ಬಂದಿತ್ತು. ರೇಷ್ಮೆ ಅಂಚಿನ ಧೋತರ, ಎತ್ತಿದ ಗುದ್ದಲಿ, ಕಾಲಬುಡದಲ್ಲಿ ಗುಂಡಿ, ಹಿಂದೆ ಚಪ್ಪಾಳೆ ತಟ್ಟುವ ಓಣಿಯ ಮಂದಿ.

ಹಿತ್ತಲು ಖಾಲಿ ಇದ್ದದ್ದು ಅದೊಂದೇ ದಿನ. ಮಾರನೆಯ ದಿನವೇ ಕಲ್ಲು ವಾಪಸ್ ಬಂದು ಕುಳಿತವು. ಹೀಗಾಗಿ ಖಾಲಿ ಜಾಗದ ಫೋಟೋ ಅಂತ ನನ್ನ ಹತ್ತಿರ ಇದ್ದದ್ದು ಅದೊಂದೇ. ಏರಿಸಿದೆ. ಕೆಳಗೆ ವಿವರಣೆ ಕೇಳಿತು. ಬರೆಯುವ ಕೈ, ಸುಮ್ಮನಿರುತ್ತದೆಯೇ? ‘ಕಾಮಗಾರಿಯನ್ನು ಶುಭಮುಹೂರ್ತದಲ್ಲಿ, ಗಣ್ಯರ ಸಮ್ಮುಖದಲ್ಲಿ ಪ್ರಾರಂಭಿಸಲಾಗಿರುತ್ತದೆ’ ಎಂದು ಬರೆದು ಅರ್ಜಿ ಸಲ್ಲಿಸಿದೆ. ಆಮೇಲೆ ಚಹಾ ಕುಡಿದೆ.

ನೋಟಿಸು ಕಸ್ತೂರಿಬಾಯಿಯ ಫೋನಿಗೆ ಬಂತು.

“ಏನ್ರಿ, ಇಲ್ಲಿ ಬರ್ರಿ! ಅನುಮತಿ ಇಲ್ಲದೆ ಕಟ್ಟಡ ಸುರು ಮಾಡೀರಿ, ನಿಮ್ಮ ಮ್ಯಾಲ ಯಾಕ ಕ್ರಮ ತಗೋಬಾರದು ಅಂತ ಕೇಳ್ಯಾರ. ನನ್ನ ಹೆಸರಿಗೆ!”

“ಪುರಾವೆ ಏನಂತ?”

“ನೀವು!” ಎಂದು ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಧೋತರ ಉಟ್ಟು, ಗುದ್ದಲಿ ಎತ್ತಿ, ನಾನೇ ನಗುತ್ತಾ ನಿಂತಿದ್ದೆ.

ಆ ನೋಟಿಸಿನ ಒಂದೊಂದು ಶಬ್ದವೂ ನನಗೆ ಪರಿಚಿತ. ಅಂಥವನ್ನು ರಾಶಿಗಟ್ಟಲೆ ಬರೆದವನು ನಾನು. ಓದುವವರ ಕಡೆ ಕುಳಿತದ್ದು ಮಾತ್ರ ಅವತ್ತೇ ಮೊದಲು.

“ಪೂಜಾ ಅಷ್ಟೇ ಮಾಡೀವಿ, ತಿಳೀಲಿಲ್ಲ, ತಪ್ಪಾತು ಅಂತ ಒಂದು ಮಾತು ಬರೀರಿ. ಅವರೂ ಮನುಷ್ಯಾರೇ ಅಲ್ಲೇನು?” ಎಂದಳು ಕಸ್ತೂರಿಬಾಯಿ.

ತಪ್ಪಾಯಿತು ಅಂತ ಬರೆಯುವುದೇ! ಸೇವೆಯಲ್ಲಿದ್ದಾಗ ಬರೆಯದವನು ಪಿಂಚಣಿ ಬಂದ ಮೇಲೆ ಬರೆಯಲೇ? ರಾತ್ರಿ ಊಟವಾದ ಕೂಡಲೇ ಕುಳಿತು ಸವಿಸ್ತಾರ ಸಮಜಾಯಿಷಿ ಬರೆದೆ. ‘ಸದರಿ ಗುಂಡಿಯು ಅಡಿಪಾಯದ ಗುಂಡಿಯಾಗಿರದೆ ವೃಕ್ಷಾರೋಪಣದ ಗುಂಡಿಯಾಗಿರುತ್ತದೆ. ಸದರಿ ವೃಕ್ಷವನ್ನು ಅರ್ಜಿದಾರರ ಪತಿಯು ಸ್ವಂತ ಮಗುವಿನಂತೆ ಆಜೀವ ಪರ್ಯಂತ ಪೋಷಿಸಲು ಈ ಮೂಲಕ ಬದ್ಧನಾಗಿರುತ್ತಾನೆ.’ ಓದಿಕೊಂಡಾಗ ನನಗೇ ಕಣ್ಣು ತುಂಬಿ ಬಂದವು. ಒಂದೇ ಕೊರತೆ, ವೃಕ್ಷ ಇರಲಿಲ್ಲ.

ಬೆಳಿಗ್ಗೆ ಎದ್ದವನೇ ಆಟೋ ಹಿಡಿದು ಭಂಕೂರ ಕಡೆ ಒಂದು ನರ್ಸರಿಗೆ ಹೋದೆ. ಸಣ್ಣ ಸಸಿ ತಂದರೆ ನಿನ್ನೆ ನೆಟ್ಟಿದ್ದು ಅಂತ ಗೊತ್ತಾಗುತ್ತದೆ. ಅದಕ್ಕೇ ಬುದ್ಧಿವಂತಿಕೆ ಮಾಡಿ ನನ್ನಷ್ಟೇ ಎತ್ತರದ ಬೇವಿನ ಗಿಡ ಆರಿಸಿದೆ. ಆಟೋದ ಎರಡೂ ಬದಿಯಿಂದ ಅದು ಹೊರಗೆ ಚಾಚಿತ್ತು. ನಡುವೆ ಎಲ್ಲೋ ನಾನಿದ್ದೆ. ಖಾಜಾಮಿಯಾನನ್ನು ಬೇಡಿಕೊಂಡು ಕಲ್ಲುಗಳನ್ನು ಮತ್ತೆ ಸರಿಸಿ, ಗಿಡ ನೆಟ್ಟು, ಮತ್ತದೇ ಧೋತರ ಉಟ್ಟು ಫೋಟೋ ತೆಗೆಸಿ, ಸಮಜಾಯಿಷಿಯ ಜೊತೆ ಕಳಿಸಿದೆ.

“ಪೂಜಾ ಮಾಡಿದ್ದು ರೂಮಿಂದು, ಹಚ್ಚಿದ್ದು ಗಿಡ. ಏನ್ ನಡಸೀರಿ ಸಾಹೇಬ್ರ?” ಎಂದು ಕೇಳಿದ ಖಾಜಾಮಿಯಾ.

“ಆಡಳಿತ,” ಎಂದೆ.

ವಾರದೊಳಗೆ ಸ್ಥಳ ಪರಿಶೀಲನೆಗೆ ಕಚೇರಿಯಿಂದ ಇಂಜಿನಿಯರ್ ಬಂದರು. ನನ್ನ ಅರ್ಜಿ ವಾಪಸ್ ಕಳಿಸುವ ಗಂಡಸು ಹುಟ್ಟಿಲ್ಲ ಅಂದಿದ್ದೆನಲ್ಲ, ಅದು ಖರೇ. ಹುಟ್ಟಿದ್ದು ಹೆಣ್ಣುಮಗಳು! ಸ್ಕೂಟಿಯಿಂದ ಇಳಿದು, ಹೆಲ್ಮೆಟ್ ತೆಗೆದು, ನೆಟ್ಟಗೆ ಹಿತ್ತಲಿಗೆ ನಡೆದರು. ಸುಜಾತಾಳಿಗಿಂತ ಒಂದೆರಡು ವರ್ಷ ಚಿಕ್ಕವರೇ ಇರಬೇಕು.

“ಗಿಡ ಭಾಳ ಚಲೋ ಅದ ಸರ್,” ಎಂದರು.

ನಾನು ಉಬ್ಬಿದೆ. “ಹಳೀದು ಮೇಡಂ. ನಮ್ಮ ಮನಿತನದ ಗಿಡ ಇದ್ದಂಗ.”

“ಹೌದ್ರಿ? ಮತ್ತ ಅರ್ಜಿದಾಗ ಗಿಡಮರ ಇಲ್ಲ ಅಂತ ಬರದೀರಲ್ಲ?”

ನಾನು ಬೇವಿನ ಎಲೆಯ ಧೂಳು ಒರೆಸತೊಡಗಿದೆ. ಅವರು ಫೋನಿನಲ್ಲಿ ನಕ್ಷೆ ತೆಗೆದು, ಒಂದು ಸಲ ಅದನ್ನೂ ಒಂದು ಸಲ ಬೇವನ್ನೂ ನೋಡಿದರು. “ನಕ್ಷಾ ಪ್ರಕಾರ ನಿಮ್ಮ ಬಚ್ಚಲ ಇಲ್ಲೇ ಬರ್ತದ ಸರ್, ಗಿಡ ನಿಂತಲ್ಲೇ. ಇಷ್ಟು ಹಳೇ ಗಿಡ ತೆಗೀಬೇಕಂದ್ರ ಅದಕ್ಕ ಬ್ಯಾರೆ ಅನುಮತಿ ಬೇಕು. ಮತ್ತ ತೆಗಿಯೂದು ಭೀ ಹೆಂಗ? ಸಾಯೂತನಕ ಮಗೂನಂಗ ಸಾಕ್ತೀನಿ ಅಂತ ನೀವೇ ಬರಕೊಟ್ಟೀರಿ.”

ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಕಸ್ತೂರಿಬಾಯಿಗೆ ತಡೆಯಲಾಗಲಿಲ್ಲ. “ಯವ್ವಾ, ಆ ಗಿಡ ಹ್ವಾದ ವಾರ ತಂದದ್ದು. ಪೂಜಾ ಮಾಡಿದ್ದು ಖರೇ, ಕಟ್ಟಡ ಸುರು ಮಾಡಿಲ್ಲ. ಇವ್ರು ಬರ್ಯೂದು ಬರದು ಸುಳ್ಳಿಗಿ ಸುಳ್ಳು ಹಚ್ಯಾರ.” ಅಂಗಳದ ಕಡೆ ಕೈ ಮಾಡಿದಳು. “ನನ್ನ ಮಗಳು ಐತ್ವಾರ ಬರ್ಲಿಕತ್ತಾಳ. ಮಳಿ ಸುರುವಾಗ್ಯದ. ಈ ಅಂಗಳ ಜಾರ್ತದ ನೋಡವ್ವಾ. ನನಗ ಅದೊಂದೇ ಅಂಜಿಕಿ.”

ನಾನು ಬೇವಿನ ಹಿಂದೆ ಸರಿದು ನಿಂತೆ. ಅಷ್ಟು ದಿನ ನಾನು ಗೆಲ್ಲಲು ಹೊರಟಿದ್ದೆ. ಆಕೆ ಮಗಳನ್ನು ಬೀಳದಂತೆ ನೋಡಿಕೊಳ್ಳಲು ಹೊರಟಿದ್ದಳು. ಭಾಳ ನಾಚಿಕೆಯಾಯಿತು.

ಇಂಜಿನಿಯರ್ ನಕ್ಕುಬಿಟ್ಟರು. “ಇಷ್ಟೇ ಬರದು ಕೊಟ್ಟಿದ್ರ ಅವತ್ತೇ ಮುಗೀತಿತ್ತಲ್ರಿ ಅಮ್ಮಾ! ಗಿಡ ಹಂಗೇ ಇರ್ಲಿ. ರೂಮ್ ಆ ಕಡಿ ಸರಸ್ರಿ, ಜಾಗಾ ಅದ. ನಕ್ಷಾ ತಿದ್ದಿಸಿ ಮತ್ತ ಹಾಕ್ರಿ, ಖಾಲಿ ಜಾಗದ ಫೋಟೋ ಹಾಕ್ರಿ.” ಹೋಗುವಾಗ ಹೆಲ್ಮೆಟ್ ಹಾಕಿಕೊಂಡು ಮತ್ತೆ ತಿರುಗಿದರು. “ಫೋಟೋದಾಗ ಸರ್ ಇರಬಾರದು.”

ಈ ಸಲ ನಕ್ಷೆ ತೆಗೆದ ಇಂಜಿನಿಯರನೇ ಅರ್ಜಿ ಹಾಕಿದ. ಖಾಜಾಮಿಯಾ ಆ ಕಡೆಯ ಕಲ್ಲುಗಳನ್ನೂ ತನ್ನ ಮನೆ ಮುಂದೆ ಒಟ್ಟಿಸಿಕೊಂಡ. ನನ್ನನ್ನು ಫೋಟೋ ಮುಗಿಯುವ ತನಕ ಅಡುಗೆಮನೆಯಲ್ಲಿ ಕೂಡಿಸಲಾಯಿತು.

ಅಷ್ಟರಲ್ಲಿ ಸುಜಾತಾ ಬಂದಳು, ರೂಮಿನ ಗೋಡೆ ಇನ್ನೂ ಎದ್ದಿರಲಿಲ್ಲ. ಅಂಗಳದ ಫರ್ಶಿಯ ಮೇಲೆ ಗೋಣಿಚೀಲ ಹಾಸಿ, ಮಗಳು ಬಚ್ಚಲಿಗೆ ಹೊರಟಾಗೆಲ್ಲ ರಟ್ಟೆ ಹಿಡಿದು ದಾಟಿಸುವುದು ನನ್ನ ಉದ್ಯೋಗವಾಯಿತು. “ಅಪ್ಪಾಜಿ, ನೀವೇ ಜಾರ್ಲಿಕತ್ತೀರಿ, ನನ್ನ ಹಿಡ್ಕೊಳ್ರಿ,” ಎನ್ನುತ್ತಿದ್ದಳು. ಪ್ರತಿ ಸಲ ಆಚೆ ಮುಟ್ಟಿದಾಗ ಉಸಿರು ಬಿಡುತ್ತಿದ್ದೆ. ಆ ದಿನಗಳಲ್ಲಿ ನಾನು ಯಾರ ಮುಂದೆಯೂ ನನ್ನ ಸರ್ವಿಸಿನ ಸುದ್ದಿ ಎತ್ತಲಿಲ್ಲ.

ಅನುಮತಿ ಬಂತು. ಗೌಂಡಿಗಳು ಮಳೆಯ ನಡುವೆ ಬಿಡುವು ನೋಡಿ ನೋಡಿ ಕಟ್ಟಿದರು. ಸುಜಾತಾ ಆಸ್ಪತ್ರೆಯಿಂದ ಕೂಸನ್ನು ಎತ್ತಿಕೊಂಡು ಬಂದು ನೇರವಾಗಿ ಹೊಸ ರೂಮಿಗೆ ಕಾಲಿಟ್ಟಾಗ ಗೋಡೆಯ ಸುಣ್ಣ ಇನ್ನೂ ಘಮ್ಮೆನ್ನುತ್ತಿತ್ತು. ಹೊರಗೆ ಧೋ ಅಂತ ಮಳೆ. ಬಚ್ಚಲಿಗೆ ಇನ್ನು ಅಂಗಳ ದಾಟುವ ಪ್ರಸಂಗವೇ ಇಲ್ಲ. ನನಗೆ ಅಳು ಬಂತು.

“ಈಗ್ಯಾಕ ಅಳ್ಲಿಕತ್ತೀರಿ?” ಎಂದಳು ಕಸ್ತೂರಿಬಾಯಿ.

“ಸುಣ್ಣದ ಖಾರ,” ಎಂದೆ.

ಅನುಮತಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಮಾಲೀಕರು ಕಸ್ತೂರಿಬಾಯಿ. ನಕ್ಷೆ ಇಂಜಿನಿಯರನದು. ನನ್ನ ಪ್ರಸ್ತಾಪ ಬರುವುದು ಒಂದೇ ಕಡೆ, ತಳದಲ್ಲಿ, ಷರತ್ತಿನ ಜಾಗದಲ್ಲಿ: ‘ಅರ್ಜಿದಾರರ ಪತಿಯು ತಾವು ಒಪ್ಪಿಕೊಂಡಂತೆ ಬೇವಿನ ಗಿಡಕ್ಕೆ ನೀರು ಹಾಕಿ, ಪ್ರತಿ ತಿಂಗಳು ಅದರ ಫೋಟೋ ಸಲ್ಲಿಸತಕ್ಕದ್ದು.’

ಹಾಕುತ್ತಿದ್ದೇನೆ. ಈ ತಿಂಗಳ ಫೋಟೋ ಮಾತ್ರ ನಿನ್ನೆ ತಿರುಗಿ ಬಂತು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಕಸ್ತೂರಿಬಾಯಿ, ಓಣಿಗೆಲ್ಲ ಕೇಳುವಂತೆ ಓದಿ ಹೇಳಿದಳು: ‘ಫೋಟೋದಲ್ಲಿ ಧೋತರ ಉಟ್ಟ ವ್ಯಕ್ತಿ ಅಡ್ಡ ನಿಂತಿರುವುದರಿಂದ ಗಿಡ ಕಾಣುತ್ತಿಲ್ಲ. ವಾಪಸ್ ಕಳಿಸಲಾಗಿದೆ.’