ನಮ್ಮ ಮನೆ ದೇವರಿಗೆ ಪಥ್ಯ

ಡಾಕ್ಟರಿಗೆ ಹೆದರುವ ರೋಗಿಗಳನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಡಾಕ್ಟರನ್ನೇ ಹೆದರಿಸಿದ ರೋಗಿಯನ್ನು ನೋಡಿದ್ದೀರಾ? ನಮ್ಮ ಮನೆಯಲ್ಲಿ ಒಬ್ಬರಿದ್ದರು! ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ಗಂಡನ ಮನೆಯಲ್ಲೇ ಬಹಳ ವರ್ಷ ದುಡಿದು, ಅಲ್ಲಿನ ಹಿರಿಯರೆಲ್ಲ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದವರು. ಕಟ್ಟಾ ಮಡಿ. ಅವರು ಒಗೆದು ಒಣಹಾಕಿದ ಸೀರೆಯ ನೆರಳು ದಾಟುವುದಕ್ಕೂ ನಾವು ಯೋಚನೆ ಮಾಡುತ್ತಿದ್ದೆವು.

ಅದು ಅರವತ್ತರ ದಶಕ. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸಂಜೆಯಾದರೆ ನರಿ ಕೂಗುತ್ತದೆ ಎಂದು ಬಸವನಗುಡಿಯ ನೆಂಟರು ನಮ್ಮನ್ನು ಹಾಸ್ಯ ಮಾಡುತ್ತಿದ್ದರು. ಇಂಥ ಬಡಾವಣೆಗೆ ಹೊಸದಾಗಿ ಒಬ್ಬ ಡಾಕ್ಟರು ಬಂದು ಷಾಪು ತೆರೆದರು. ಸೌಮ್ಯ ಸ್ವಭಾವ, ಹೊಸ ಸ್ಕೂಟರು, ಅದಕ್ಕಿಂತ ಹೊಸ ಹೆಂಡತಿ. ಪಾಪ, ಅವರ ಗ್ರಹಚಾರ ನೋಡಿ, ಬಂದ ಕೆಲವೇ ದಿನಕ್ಕೆ ನಮ್ಮ ಸೋದರತ್ತೆಗೆ ಸುಸ್ತು ಶುರುವಾಯಿತು!

ಡಾಕ್ಟರು ಮನೆಗೆ ಬಂದು ನಾಡಿ ನೋಡಲು ಕೈ ಚಾಚಿದರು. ಸೋದರತ್ತೆ ಚಂಗನೆ ಹಿಂದಕ್ಕೆ ಸರಿದರು.

"ಮುಟ್ಟಬೇಡಪ್ಪ, ಇನ್ನೂ ಊಟ ಆಗಿಲ್ಲ."

"ಮುಟ್ಟದೆ ಹೇಗಮ್ಮ ನೋಡ್ಲಿ?"

"ನಿಮಗೆ ಓದಿಸುವಾಗ ಅದನ್ನ ಹೇಳಿಕೊಡಲಿಲ್ವೆ?"

ಕೊನೆಗೆ ಅಮ್ಮ ಒಂದು ರೇಷ್ಮೆ ಪಂಚೆ ತಂದು ಅವರ ಮಣಿಕಟ್ಟಿನ ಮೇಲೆ ಹೊದಿಸಿದಳು. ರೇಷ್ಮೆಗೆ ಮೈಲಿಗೆ ತಾಕದಲ್ಲ! ಡಾಕ್ಟರು ಆ ಜರಿಯಂಚಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿ ನಾಡಿಯನ್ನು ಹುಡುಕಿದರು. ಎದೆ ಪರೀಕ್ಷೆ ಮಾಡುವ ಕೊಳವೆ ಹೊರಬಂದಾಗ ಮತ್ತೆ ತಕರಾರು. "ಅದು ಚರ್ಮದ್ದೇನಪ್ಪ?" ಡಾಕ್ಟರು ಅಷ್ಟರಲ್ಲಿ ಹದವಾಗಿದ್ದರು. "ಇಲ್ಲಮ್ಮ, ರಬ್ಬರು. ಮರದ ಹಾಲು," ಎಂದರು. "ಹಾಲಾದ್ರೆ ಸರಿ," ಎಂದು ಅಪ್ಪಣೆಯಾಯಿತು.

ಕಾಯಿಲೆ ಗೊತ್ತಾಯಿತು. ಸಕ್ಕರೆ ಕಾಯಿಲೆ! ಮೂತ್ರವನ್ನು ನೀಲಿ ದ್ರಾವಣಕ್ಕೆ ಹಾಕಿ ಕುದಿಸಬೇಕು. ನೀಲಿಯೇ ಉಳಿದರೆ ಕ್ಷೇಮ, ಹಸಿರಾದರೆ ಜೋಕೆ, ಇಟ್ಟಿಗೆಯ ಕೆಂಪಾದರೆ ಅಪಾಯ. ಬಿ.ಎಸ್ಸಿ. ಓದುತ್ತಿದ್ದೆನೆಂಬ ತಪ್ಪಿಗೆ ಈ ಕೆಲಸ ನನ್ನ ತಲೆಗೆ ಬಂತು. ಹಿತ್ತಲಿನಲ್ಲಿ ಸ್ಪಿರಿಟ್ ದೀಪ ಹಚ್ಚಿಕೊಂಡು ನಾನು ಕೂತರೆ, ಸೋದರತ್ತೆ ದೂರದಲ್ಲಿ ನಿಂತು ಕೇಳುವರು:

"ಏನ್ ಬಣ್ಣ ಬಂತೇ?"

"ಕೆಂಪು, ಅತ್ತೆ."

"ಒಳ್ಳೇದಾಯ್ತು ಬಿಡು. ಕೆಂಪು ಮಂಗಳಕರ!"

ಮಾತ್ರೆಯನ್ನಾದರೂ ನೆಟ್ಟಗೆ ನುಂಗುತ್ತಿದ್ದರೇ? ದೇವರಿಗೆ ನೈವೇದ್ಯವಾಗದ್ದನ್ನು ಅವರು ಬಾಯಿಗೆ ಹಾಕಿದವರೇ ಅಲ್ಲ. ಮಾತ್ರೆಯನ್ನು ಬೆಳ್ಳಿ ಬಟ್ಟಲಲ್ಲಿಟ್ಟು, ತುಳಸಿದಳ ಹಾಕಿ, ದೇವರಿಗೆ ತೋರಿಸಿ, ಗಂಟೆ ಬಾರಿಸಿ, ಆಮೇಲೆ ತೀರ್ಥದ ಜೊತೆ ಸೇವನೆ. ನಮ್ಮ ಮನೆಯ ಶ್ರೀಕೃಷ್ಣ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತಪ್ಪದೆ ಸ್ವೀಕರಿಸಿದ ಏಕೈಕ ಕೃಷ್ಣನಿರಬೇಕು!

ಇಷ್ಟಾದರೂ ಬಣ್ಣ ಕೆಂಪೇ. ಡಾಕ್ಟರು ತಲೆ ಕೆರೆದುಕೊಂಡರು. "ಸಿಹಿ ತಿಂತೀರಾ ಅಮ್ಮ?" ಎಂದು ಕೇಳಿದರೆ, "ಶಿವ ಶಿವಾ! ಒಂದು ಹರಳು ಸಕ್ಕರೆ ಮುಟ್ಟಿಲ್ಲ," ಎಂದು ಗಲ್ಲ ಗಲ್ಲ ಬಡಿದುಕೊಂಡರು. ಅದು ಸುಳ್ಳೂ ಅಲ್ಲ. ಕಾಫಿಗೆ ಸಕ್ಕರೆಯಿಲ್ಲ. ಮನೆಯಲ್ಲಿ ಕೇಸರಿಭಾತು ಮಾಡಿದರೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಮತ್ತೆ ಈ ಕೆಂಪು ಎಲ್ಲಿಂದ?

ಪತ್ತೆ ಹಚ್ಚಿದವಳು ಅಮ್ಮ. ಬೆಳಗಿನ ಪೂಜೆಯ ಪಂಚಾಮೃತ, ರಸಾಯನ, ಗುರುವಾರ ರಾಯರ ಮಠದ ಹಯಗ್ರೀವ, ಶನಿವಾರ ಆಂಜನೇಯನ ಸನ್ನಿಧಿಯ ಸಿಹಿ ಪೊಂಗಲು, ಯಾರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೂ ಅಲ್ಲಿಯ ಸಜ್ಜಿಗೆ. ಎಲ್ಲವೂ ಸೋದರತ್ತೆಯ ಅಂಗೈಗೆ ಬಂದು ಬೀಳುತ್ತಿತ್ತು, ಅದೂ ತಂಬಿಗೆಯ ಗಾತ್ರದಲ್ಲಿ!

"ಅದು ಸಿಹಿ ಅಲ್ಲ ಕಣೋ, ಪ್ರಸಾದ," ಎಂದರು ಅಪ್ಪನಿಗೆ.

"ಪ್ರಸಾದದಲ್ಲೂ ಸಕ್ಕರೆ ಇರತ್ತೆ ಅಕ್ಕ!"

"ನೈವೇದ್ಯ ಆಗೋ ತನಕ ಇರತ್ತೆ. ಆಮೇಲೆ ದೇವರು ತಗೊಂಡುಬಿಡ್ತಾನೆ."

ನನ್ನ ರಸಾಯನಶಾಸ್ತ್ರದ ಪುಸ್ತಕದಲ್ಲಿ ಈ ಕ್ರಿಯೆ ಇರಲಿಲ್ಲ. ಡಾಕ್ಟರಿಗೆ ಒಂದು ಉಪಾಯ ಹೊಳೆಯಿತು. ರೋಗಿಗೆ ಪಥ್ಯ ಮಾಡಿಸಲು ಆಗದಿದ್ದರೆ ದೇವರಿಗೇ ಪಥ್ಯ ಮಾಡಿಸಿ, ಎಂದರು. ಮಾರನೆಯ ದಿನದಿಂದ ನಮ್ಮ ಕೃಷ್ಣನಿಗೆ ಬೆಲ್ಲ ಬಂದ್, ಬಾಳೆಹಣ್ಣು ಬಂದ್, ಬರೀ ಹೆಸರುಬೇಳೆ ಕೋಸಂಬರಿ. ಸೋದರತ್ತೆ ಕಣ್ಣಲ್ಲಿ ನೀರು ತಂದುಕೊಂಡು, "ಕಾಯಿಲೆ ನಂದು. ಆ ಕೂಸೇನು ಮಾಡಿತ್ತೋ?" ಎಂದು ಕೃಷ್ಣನ ಮುಂದೆ ಕೂತರು. ಆಮೇಲೆ ಎದ್ದು, ದೇವಸ್ಥಾನಗಳ ಸುತ್ತನ್ನು ಇಮ್ಮಡಿ ಮಾಡಿದರು. ತಿಲಕ್ ನಗರದ ಗಣಪತಿ ಸೇರಿಕೊಂಡ. ಬಸ್ಸು ಹಿಡಿದು ಹೋಗಿ ಬನಶಂಕರಿಯನ್ನೂ ಸೇರಿಸಿಕೊಂಡರು!

ಅಪ್ಪ ನಮ್ಮ ಬೀದಿಯ ಅರ್ಚಕರ ಬಳಿ ಹೋಗಿ ಗುಟ್ಟಾಗಿ, "ನಮ್ಮಕ್ಕನಿಗೆ ಪ್ರಸಾದ ಕೊಡಬೇಡಿ," ಎಂದು ಬೇಡಿಕೊಂಡರು.

"ಏನ್ ಸಾರ್ ಹೀಗಂತೀರಿ?" ಅರ್ಚಕರು ಹೌಹಾರಿದರು. "ಕೈ ಒಡ್ಡಿದವರಿಗೆ ಪ್ರಸಾದ ಇಲ್ಲ ಅನ್ನೋಕಾಗತ್ಯೇ? ಮಹಾರಾಜರೇ ಹೇಳಿದ್ರೂ ಆಗಲ್ಲ!"

ನಗು ನಿಂತದ್ದು ಫಾಲ್ಗುಣದಲ್ಲಿ. ಬರಿಗಾಲಲ್ಲಿ ದೇವಸ್ಥಾನಗಳನ್ನು ಸುತ್ತುತ್ತಿದ್ದ ಸೋದರತ್ತೆಯ ಕಾಲಿನ ಹೆಬ್ಬೆರಳಿಗೆ ಹೊಸ ರಸ್ತೆಯ ಜಲ್ಲಿ ಚುಚ್ಚಿತು. ಅವರು ಅರಿಸಿನ ಮೆತ್ತಿ ಸುಮ್ಮನಾದರು. ಗಾಯ ಮಾಯಲಿಲ್ಲ, ಕಪ್ಪಗಾಗತೊಡಗಿತು. ಡಾಕ್ಟರು ಅಪ್ಪನನ್ನು ಹೊರಗೆ ಕರೆದು, "ಸಕ್ಕರೆ ಇಳೀದಿದ್ರೆ ಬೆರಳು ತೆಗೀಬೇಕಾಗತ್ತೆ ಸಾರ್. ಬೆರಳಿಗೇ ನಿಂತರೆ ಪುಣ್ಯ. ಕಾಲಿಗೂ ಬರಬಹುದು," ಎಂದರು. ನಡೆಯಲಾಗದ ಸೋದರತ್ತೆಯನ್ನು ನನಗೆ ಊಹಿಸಿಕೊಳ್ಳಲೂ ಆಗಲಿಲ್ಲ.

ಯುಗಾದಿಯ ದಿನವೂ ಡಾಕ್ಟರು ಪಟ್ಟಿ ಕಟ್ಟಲು ಬಂದರು. ಅಡುಗೆಮನೆಯಿಂದ ಒಬ್ಬಟ್ಟಿನ ಘಮ. ಅವತ್ತಿನ ಪರೀಕ್ಷೆಯಲ್ಲೂ ಬಣ್ಣ ಕೆಂಪೇ ಬಂದಿತ್ತು. ಅವರು ನೇರವಾಗಿಯೇ ಕೇಳಿದರು.

"ಅಮ್ಮಾ, ಕಾಲು ಬೇಕೋ, ಪ್ರಸಾದ ಬೇಕೋ?"

"ಎರಡೂ ಅವನು ಕೊಟ್ಟಿದ್ದೇ ಅಲ್ವೇನಪ್ಪ? ಒಂದು ಬಿಡು ಅಂದ್ರೆ ಹೇಗೆ?"

ಅಪ್ಪನಿಗೆ ರೇಗಿಹೋಯಿತು. "ದೇವರ ಹೆಸರು ಯಾಕೆ ಹೇಳ್ತೀಯ ಅಕ್ಕ? ಬಾಯಿ ಚಪಲ ಅಂತ ಒಪ್ಕೊ!"

ಪಟ್ಟಿ ಕಟ್ಟಿದ ಕಾಲನ್ನು ಸೋದರತ್ತೆ ಸೀರೆಯೊಳಗೆ ಎಳೆದುಕೊಂಡರು. ಮೆಲ್ಲಗೆ ಹೇಳಿದರು.

"ನಮ್ಮತ್ತೆಯವರೂ ಅದನ್ನೇ ಅಂತಿದ್ರು ಕಣೋ. ನಮ್ಮನೆಯವರು ಹೋದಾಗ ನನಗಿನ್ನೂ ಹನ್ನೊಂದು. ಆ ವರ್ಷ ಹಬ್ಬಕ್ಕೆ ಎಲ್ಲರ ಎಲೆಗೂ ಒಬ್ಬಟ್ಟು ಬಂತು, ನನ್ನೆಲೆ ಬಿಟ್ಟು ಮುಂದೆ ಹೋಯ್ತು. ಮರೆತ್ರು ಅಂದ್ಕೊಂಡು ಕೇಳ್ದೆ. 'ಗಂಡನ್ನ ನುಂಗಿದವಳಿಗೆ ಸಿಹಿ ಬೇರೆ ಕೇಡು, ಬಾಯಿ ಚಪಲ ನೋಡು' ಅಂದ್ರು. ಆಮೇಲೆ ಯಾವತ್ತೂ ಕೇಳ್ಲಿಲ್ಲ. ದೇವಸ್ಥಾನದಲ್ಲಿ ಮಾತ್ರ ನನಗೂ ಕೊಡೋರು. ಪ್ರಸಾದ ಇಲ್ಲ ಅನ್ನೋಕೆ ನಮ್ಮತ್ತೆಗೂ ಧೈರ್ಯ ಇರ್ಲಿಲ್ಲ ನೋಡು."

ಹೇಳಿ, ತಮಾಷೆಯ ಮಾತಾಡಿದವರಂತೆ ನಕ್ಕರು. ನಮಗೆ ಯಾರಿಗೂ ನಗು ಬರಲಿಲ್ಲ. ಮಡಿ, ಹಠ, ಹುಚ್ಚು ಎಂದು ನಾವು ಆಡಿಕೊಂಡದ್ದರ ಹಿಂದೆ ಎಲೆಯ ಮುಂದೆ ಕಾದು ಕೂತ ಒಂದು ಹುಡುಗಿಯಿದ್ದಳು. ಅಪ್ಪ ಆಗ ತೊಟ್ಟಿಲ ಕೂಸು. ಅವರಿಗೆ ಇದೊಂದೂ ಗೊತ್ತಿರಲಿಲ್ಲ.

ಪೂಜೆಯ ಮಡಿಯಲ್ಲೇ ಇದ್ದ ಅಪ್ಪ ಎದ್ದು ಹೋಗಿ ಊಟದ ಮನೆಯಲ್ಲಿ ತಮ್ಮ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದರು. ಎಲ್ಲರದೂ ಆದ ಮೇಲೆ ಒಬ್ಬರೇ ಉಣ್ಣುತ್ತಿದ್ದ ಸೋದರತ್ತೆ, "ನಾನು ಆಮೇಲೆ ಕೂತ್ಕೋತೀನಿ, ನೀವೆಲ್ಲ ಮೊದಲು ಊಟ ಮಾಡಿ," ಎಂದು ಗಡಿಬಿಡಿ ಮಾಡಿದರು. ಅಪ್ಪ ಕೇಳಲಿಲ್ಲ. ಕೈ ಹಿಡಿದು ಕೂರಿಸಿದರು. ಡಾಕ್ಟರ ಕಡೆ ನೋಡಿದರು. ಡಾಕ್ಟರು, "ಅರ್ಧ. ಇವತ್ತು ಮಾತ್ರ," ಎಂದರು.

ಅಪ್ಪ ಬಿಸಿ ಒಬ್ಬಟ್ಟಿನ ಅರ್ಧವನ್ನು ಎಲ್ಲರಿಗಿಂತ ಮೊದಲು ಅವರ ಎಲೆಗೆ ಹಾಕಿ ತುಪ್ಪ ಬಿಟ್ಟರು.

"ನೈವೇದ್ಯ ಆಯ್ತೇನೋ?"

"ಇಲ್ಲ. ಇದು ಪ್ರಸಾದ ಅಲ್ಲ ಅಕ್ಕ. ನಿನಗೇ ಮಾಡಿದ್ದು, ತಿನ್ನು."

ಸೋದರತ್ತೆ ತಲೆ ಬಗ್ಗಿಸಿಕೊಂಡು ನಿಧಾನವಾಗಿ ತಿಂದರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ತಿಂದು ಮುಗಿಸಿ, "ಹೂರಣಕ್ಕೆ ಬೆಲ್ಲ ಒಂದಿಷ್ಟು ಕಮ್ಮಿ ಕಣೇ," ಎಂದು ಅಮ್ಮನಿಗೆ ಹೇಳಿದಾಗ ಅಳುತ್ತಿದ್ದವರೆಲ್ಲ ನಕ್ಕುಬಿಟ್ಟೆವು! ಅಪ್ಪ ಅಪ್ಪಣೆ ಮೀರಿ ಉಳಿದರ್ಧವನ್ನೂ ಬಡಿಸಲು ಎತ್ತಿಕೊಂಡರು. ಡಾಕ್ಟರು ಸೂರಿನ ಕಡೆ ನೋಡುತ್ತಾ ನಿಂತರು.

ಸೋದರತ್ತೆ ಎಲೆಗೆ ಅಡ್ಡವಾಗಿ ಕೈಯಿಟ್ಟರು.

"ಸಾಕು ಕಣೋ."

ಸಿಹಿಯ ವಿಷಯದಲ್ಲಿ ಅವರ ಬಾಯಿಂದ ಆ ಮಾತನ್ನು ನಾವು ಕೇಳಿದ್ದು ಅದೇ ಮೊದಲು. ಅಲ್ಲಿಂದ ಮುಂದೆ ಪ್ರಸಾದವನ್ನು ಅವರು ಚಿಟಿಕೆಯಷ್ಟೇ ತೆಗೆದುಕೊಂಡರು. ಬಣ್ಣ ಹಸಿರಿಗೆ ಇಳಿಯಿತು, ಮಳೆಗಾಲದ ಹೊತ್ತಿಗೆ ಬೆರಳು ಮಾಯಿತು. ಮಾತ್ರೆಯಿಂದ ಎಂದರು ಡಾಕ್ಟರು, ರಾಯರಿಂದ ಎಂದರು ಸೋದರತ್ತೆ. ಮನೆಯಲ್ಲಿ ಸಿಹಿ ಮಾಡಿದ ದಿನ ಅಪ್ಪ, ಅಕ್ಕ ಬದುಕಿರುವವರೆಗೂ, ಒಂದು ಚೂರನ್ನು ಮೊದಲು ಅವರ ಎಲೆಗೆ ಬಡಿಸಿ ಆಮೇಲೆ ತಾವು ಕೂರುತ್ತಿದ್ದರು.